ಸ್ಟ್ರೀಮರ್, ಡ್ಯಾಕ್, ಹೆಡ್‌ಫೋನ್ ಆಂಪ್ ಒಂದೇ ಪೆಟ್ಟಿಗೆಯಲ್ಲಿ: ಮೇಜಿಗೆ ಯಾವುದು ಸರಿ?

ಪ್ರಶ್ನೆ: ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ಇದೆ. ಕಿವಿಯೊಳಗೆ ಇಡುವ ಒಂದು ಜೊತೆ ಇಯರ್‌ಫೋನ್ ಕೂಡ ಇದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಒಳಗೇ ಆಂಪ್ ಇರುವ ಎರಡು ಪವರ್ಡ್ ಸ್ಪೀಕರ್. ಸದ್ಯಕ್ಕೆ ಲ್ಯಾಪ್‌ಟಾಪ್ ಜಾಕ್‌ಗೇ ಹೆಡ್‌ಫೋನ್ ಹಾಕಿ ಕೇಳುತ್ತೇನೆ. ಇಂಟರ್‌ನೆಟ್‌ನಿಂದ ಹಾಡು ತರುವ ಸ್ಟ್ರೀಮರ್, ಡಿಜಿಟಲ್ ಡೇಟಾವನ್ನು ಧ್ವನಿಯ ಸಂಕೇತವಾಗಿಸುವ ಡ್ಯಾಕ್, ಅದಕ್ಕೆ ಬಲ ಕೊಡುವ ಆಂಪ್ ಮೂರೂ ಒಂದರಲ್ಲೇ ಇರುವ ಪೆಟ್ಟಿಗೆ ತಗೊಳ್ಳೋಣ ಅಂತಿದ್ದೇನೆ. ಒಂದರ ಜಾಹೀರಾತಿನಲ್ಲಿ ಎರಡು ವ್ಯಾಟ್ ಅಂತಾರೆ, ಇನ್ನೊಂದರಲ್ಲಿ ಡ್ಯಾಕ್ ಚಿಪ್ಪಿನ ಹೆಸರನ್ನೇ ದೊಡ್ಡದಾಗಿ ಹಾಕಿದ್ದಾರೆ. ಏನು ನೋಡಿ ಆರಿಸಲಿ? ಬೇರೆ ಬೇರೆ ಪೆಟ್ಟಿಗೆ ತಗೊಂಡರೆ ಧ್ವನಿ ಇನ್ನೂ ಚೆನ್ನಾಗಿರುತ್ತದಾ? ಒಳ್ಳೆಯ ಪವರ್ ಸಪ್ಲೈ, ಲ್ಯಾನ್ ಕೇಬಲ್ ಕೂಡ ಬೇಕಾ?

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ನೀವು ಹಾಡು ಕೇಳುವ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಹೇಗೂ ಆನ್ ಇರುತ್ತದೆ, ಅಲ್ವಾ? ಇದ್ದರೆ ನಿಮ್ಮ ಮೇಜಿನ ಮೇಲೆ ಸ್ಟ್ರೀಮರ್ ಈಗಾಗಲೇ ಇದೆ. ಸ್ಪಾಟಿಫೈ, ಟೈಡಲ್, ಕೋಬಜ್ ಎಲ್ಲಕ್ಕೂ ಲ್ಯಾಪ್‌ಟಾಪ್ ಆ್ಯಪ್ ಇದೆ. ಯುಎಸ್‌ಬಿ ತಂತಿಯಲ್ಲಿ ಒಂದು ಸಾದಾ ಡ್ಯಾಕ್-ಆಂಪ್‌ಗೆ ಕೊಟ್ಟರೆ ಕೆಲಸ ಮುಗಿಯಿತು. ಆ ಹಾದಿಯಲ್ಲಿ ಬರುವ ಧ್ವನಿ ಸ್ಟ್ರೀಮರ್‌ನಿಂದ ಬರುವುದಕ್ಕಿಂತ ಕೀಳು ಅನ್ನೋದಕ್ಕೆ ಕಾರಣವೇ ಇಲ್ಲ.

ಹಾಗಾದರೆ ಸ್ಟ್ರೀಮರ್ ಯಾರಿಗೆ ಬೇಕು? ಲ್ಯಾಪ್‌ಟಾಪ್ ಮುಚ್ಚಿಟ್ಟು ಕೇಳುವವರಿಗೆ. ಹಾಡಿನ ಮಧ್ಯೆ ಮೇಲ್ ಬಂದ ಟಿಂಗ್ ಸದ್ದು ಕೇಳಿ ಬೇಸತ್ತವರಿಗೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಆ್ಯಪ್ ಹಾಕಲು ಬಿಡದ ಕಡೆ ಕೆಲಸ ಮಾಡುವವರಿಗೆ. ಈ ಮೂರರಲ್ಲಿ ಒಂದಾದರೂ ನಿಮಗೆ ಹೊಂದಿದರೆ ಮುಂದೆ ಓದಿ. ಇಲ್ಲವಾದರೆ ಒಳ್ಳೆಯ ಯುಎಸ್‌ಬಿ ಡ್ಯಾಕ್-ಆಂಪ್ ಒಂದನ್ನು ನೋಡಿ. ಕೆಳಗೆ ಆಂಪ್ ಬಗ್ಗೆ ಹೇಳುವುದಷ್ಟೇ ನಿಮಗೆ ಸಾಕು.

ಈಗ ಆ ಎರಡು ವ್ಯಾಟಿನ ವಿಷಯ. ಜಾಹೀರಾತಿನ ವ್ಯಾಟ್ ಸಾಮಾನ್ಯವಾಗಿ 32 ಓಮ್ (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ) ಹೆಡ್‌ಫೋನಿಗೆ ಲೆಕ್ಕ ಹಾಕಿದ್ದು, ಅದೂ ಎಡ-ಬಲ ಕಿವಿಗೆ ಪೂರ್ತಿ ಬೇರೆ ತಂತಿ ಇರುವ ಬ್ಯಾಲೆನ್ಸ್ಡ್ ಜಾಕ್‌ನಲ್ಲಿ. ನಿಮ್ಮ 650 ಇರುವುದು 300 ಓಮ್. ಇದಕ್ಕೆ ವ್ಯಾಟ್ ಬಿಟ್ಟು ವೋಲ್ಟ್ ನೋಡಬೇಕು. ಸೆನ್‌ಹೈಸರ್ ಕೊಡುವ ಅಂಕಿ ಪ್ರಕಾರ ಇದಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತದೆ. ವೋಲ್ಟೇಜ್ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕೂಡಿಸಿಕೊಳ್ಳಿ. 2 ವೋಲ್ಟಿಗೆ 109, 4 ವೋಲ್ಟಿಗೆ 115. ಹಾಡಿನ ಏರುದನಿಯ ಕ್ಷಣಕ್ಕೂ 115 ಅಂದರೆ ಧಾರಾಳ. 4 ವೋಲ್ಟಿನಲ್ಲಿ 300 ಓಮ್ ಹೆಡ್‌ಫೋನ್ ಎಳೆಯುವ ಪವರ್ ಎಷ್ಟು ಗೊತ್ತಾ? ನಾಲ್ಕನ್ನು ನಾಲ್ಕರಿಂದ ಗುಣಿಸಿ 300ರಿಂದ ಭಾಗಿಸಿ. ಸುಮಾರು 53 ಮಿಲಿವ್ಯಾಟ್. ಎರಡು ವ್ಯಾಟಿನ ಮಾತು ಎಲ್ಲಿ, ಇದು ಎಲ್ಲಿ!

ಸಾಧಾರಣ ಲ್ಯಾಪ್‌ಟಾಪ್ ಜಾಕ್ ಕೊಡುವುದು 1 ವೋಲ್ಟ್ ಆಸುಪಾಸು. ಜೋರಾಗಿ ರೆಕಾರ್ಡ್ ಆದ ಹಾಡುಗಳಿಗೆ ಅದೂ ನಡೆಯುತ್ತದೆ. ಮೆಲ್ಲಗೆ ರೆಕಾರ್ಡ್ ಆದ ಶಾಸ್ತ್ರೀಯ ಸಂಗೀತಕ್ಕೆ ವಾಲ್ಯೂಮ್ ತುದಿ ಮುಟ್ಟಿಸಿದರೂ ಇನ್ನೊಂಚೂರು ಬೇಕಿತ್ತು ಅನ್ನಿಸುತ್ತದೆ. ನಿಮ್ಮದು 2021ರ ನಂತರದ 14 ಅಥವಾ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಆಗಿದ್ದರೆ ಕಥೆಯೇ ಬೇರೆ. ಅದರ ಜಾಕ್ ಹೆಡ್‌ಫೋನಿನ ಓಮ್ ಅಳೆದು, 150 ಓಮ್ ಮೇಲಿದ್ದರೆ 3 ವೋಲ್ಟ್‌ವರೆಗೆ ಕೊಡುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ಆಂಪ್ ಬದಲಾಯಿಸಿ ಏನೋ ಮಹಾ ಬದಲಾವಣೆ ಆಗುತ್ತದೆ ಅಂತ ಕಾಯಬೇಡಿ.

ಪವರ್ ನಿಜಕ್ಕೂ ಬೇಕಾಗುವುದು ಕೆಲವು ಪ್ಲೇನಾರ್ (ತೆಳು ಹಾಳೆಯಂಥ ಪರದೆ ಕಂಪಿಸಿ ಧ್ವನಿ ಮಾಡುವ) ಹೆಡ್‌ಫೋನ್‌ಗಳಿಗೆ. ಹೈಫೈಮ್ಯಾನ್ ಎಚ್‌ಇ6 ಈ ವಿಷಯದಲ್ಲಿ ಹೆಸರುವಾಸಿ. 50 ಓಮ್, ಒಂದು ಮಿಲಿವ್ಯಾಟಿಗೆ ಬರೀ 83.5 ಡೆಸಿಬೆಲ್. ಅದನ್ನು 115ಕ್ಕೆ ಏರಿಸಲು ಸುಮಾರು 1.4 ವ್ಯಾಟ್, 8.4 ವೋಲ್ಟ್ ಬೇಕು. ಅಂಥದ್ದನ್ನು ಮುಂದೆ ಕೊಳ್ಳುವ ಆಸೆ ಇದ್ದರೆ ಈಗಲೇ ದೊಡ್ಡ ಆಂಪ್ ನೋಡಿ. ಇಲ್ಲದಿದ್ದರೆ ಸುಮ್ನೆ ದೊಡ್ಡ ಅಂಕಿಗೆ ದುಡ್ಡು ಸುರಿಯಬೇಡಿ.

ನಿಮ್ಮ ವಿಷಯದಲ್ಲಿ ಜಾಸ್ತಿ ತಲೆನೋವು ಕೊಡುವುದು ಇಯರ್‌ಫೋನ್. ಜನ ಪವರ್ ಕಡಿಮೆಯಾದೀತು ಅಂತ ಹೆದರುತ್ತಾರೆ. ಮೇಜಿನ ಆಂಪ್‌ಗಳಲ್ಲಿ ನಾನು ನೋಡುವ ದೂರು ಬಹಳಷ್ಟು ಸಲ ಇದಕ್ಕೆ ಉಲ್ಟಾ. ಪವರ್ ಹೆಚ್ಚಾಗಿ, ಇಯರ್‌ಫೋನ್ ಹಾಕಿದ ಕೂಡಲೇ ಹಾಡೇ ಇಲ್ಲದಿದ್ದರೂ ಸುಯ್ ಅನ್ನುವ ಸದ್ದು. ಇದನ್ನೂ ಲೆಕ್ಕದಲ್ಲೇ ನೋಡೋಣ. ಸೂಕ್ಷ್ಮವಾದ ಇಯರ್‌ಫೋನ್ ಒಂದು ವೋಲ್ಟಿಗೆ 120 ಡೆಸಿಬೆಲ್ ಕೊಡುತ್ತದೆ ಅಂದುಕೊಳ್ಳಿ. ಆಂಪ್‌ನ ಸ್ವಂತ ನಾಯ್ಸ್ 10 ಮೈಕ್ರೋವೋಲ್ಟ್ ಇದ್ದರೆ ಕಿವಿಯಲ್ಲಿ 20 ಡೆಸಿಬೆಲ್ ಸದ್ದಾಗುತ್ತದೆ. ರಾತ್ರಿ ಮನೆ ನಿಶ್ಶಬ್ದವಾಗಿದ್ದಾಗ ಅದು ಕೇಳಿಸುತ್ತದೆ. ಅದೇ ನಾಯ್ಸ್ 2 ಮೈಕ್ರೋವೋಲ್ಟ್ ಇದ್ದರೆ 6 ಡೆಸಿಬೆಲ್. ಅದನ್ನು ಯಾರ ಕಿವಿಯೂ ಹಿಡಿಯಲಾರದು. ಹಾಗಾಗಿ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಎಷ್ಟು ವ್ಯಾಟ್ ಅಂತ ಹುಡುಕುವ ಮೊದಲು ನಾಯ್ಸ್ ಎಷ್ಟು ಮೈಕ್ರೋವೋಲ್ಟ್ ಅಂತ ಹುಡುಕಿ. ಆ ಅಂಕಿಯನ್ನು ಕೊಟ್ಟೇ ಇಲ್ಲದ ಕಂಪನಿ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಇದರ ಜೊತೆ ಎರಡು ವಿಷಯ. ಗೇನ್, ಅಂದರೆ ಆಂಪ್ ಧ್ವನಿಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದನ್ನು, ಬದಲಾಯಿಸುವ ಸೌಲಭ್ಯ ಬೇಕು. ಫಿಯೋ ಆರ್7 ಅನ್ನುವ ಆಲ್-ಇನ್-ಒನ್ ಪೆಟ್ಟಿಗೆಯಲ್ಲಿ ಐದು ಹಂತದ ಗೇನ್ ಇದೆ. 650ಕ್ಕೆ ಮೇಲಿನ ಹಂತ, ಇಯರ್‌ಫೋನಿಗೆ ಕೆಳಗಿನದು. ಗೇನ್ ಒಂದೇ ಆಗಿದ್ದರೆ ಇಯರ್‌ಫೋನಿನಲ್ಲಿ ವಾಲ್ಯೂಮ್ ನಾಬ್ ಕೂದಲೆಳೆಯಷ್ಟು ತಿರುಗಿಸಿದರೂ ಕಿವಿ ಗಡಚಿಕ್ಕುತ್ತದೆ. ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ ಜಾಕ್‌ನ ಸ್ವಂತ ಓಮ್. ಇದು 1 ಓಮ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಒಳಗೆ ಹಲವು ಡ್ರೈವರ್ (ಧ್ವನಿ ಹೊಮ್ಮಿಸುವ ಪುಟ್ಟ ಸ್ಪೀಕರ್) ಇರುವ ಇಯರ್‌ಫೋನುಗಳ ಓಮ್ ಒಂದೊಂದು ಸ್ವರಕ್ಕೆ ಒಂದೊಂದು ಥರ ಇರುತ್ತದೆ. ಆಂಪ್‌ನ ಇಂಪೀಡೆನ್ಸ್ ಜಾಸ್ತಿಯಾದರೆ ಬೇಸ್ ಒಂದು ಕಡೆ, ಟ್ರೆಬಲ್ ಒಂದು ಕಡೆ ವಾಲಿ ಧ್ವನಿಯ ಬಣ್ಣವೇ ಬದಲಾಗುತ್ತದೆ. 650ಕ್ಕೆ ಈ ಸಮಸ್ಯೆ ಅಷ್ಟಾಗಿ ತಟ್ಟುವುದಿಲ್ಲ. 300 ಓಮ್ ಎದುರು ಹತ್ತು ಓಮ್ ಇದ್ದರೂ ದೊಡ್ಡ ವ್ಯತ್ಯಾಸವಿಲ್ಲ.

ಬ್ಯಾಲೆನ್ಸ್ಡ್ ಜಾಕ್ ಬೇಕಾ ಅಂತ ನೀವು ಕೇಳಿಲ್ಲ, ಆದರೆ ಅಂಗಡಿಯವರು ಹೇಳದೆ ಬಿಡುವುದಿಲ್ಲ. 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜಾಕ್‌ನಲ್ಲಿ ವೋಲ್ಟೇಜ್ ಎರಡರಷ್ಟಾಗಬಹುದು, ಅಂದರೆ 6 ಡೆಸಿಬೆಲ್ ಜಾಸ್ತಿ. ಅಷ್ಟೇ. ಸಾದಾ ಜಾಕ್‌ನಲ್ಲೇ 4 ವೋಲ್ಟ್ ಬರುತ್ತಿದ್ದರೆ 650ಕ್ಕೆ ಹೊಸ ಕೇಬಲ್ ಕೊಳ್ಳುವ ಅಗತ್ಯವಿಲ್ಲ.

ಇನ್ನು ಡ್ಯಾಕ್ ಚಿಪ್. ಇಡೀ ಪೆಟ್ಟಿಗೆಯಲ್ಲಿ ನೀವು ಅತಿ ಕಡಿಮೆ ಯೋಚಿಸಬೇಕಾದ ಭಾಗ ಅಂದರೆ ಇದೇ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಆಡಿಯೋ ಕಂಪನಿಗಳು ಇಎಸ್‌ಎಸ್ ಚಿಪ್‌ಗಳ ಕಡೆ ತಿರುಗಿದವು. ಎಕೆಎಂ ಅಂದರೆ ಮೃದು, ಇಎಸ್‌ಎಸ್ ಅಂದರೆ ಚುರುಕು ಅಂತ ಜನ ವಾದ ಮಾಡುತ್ತಲೇ ಇದ್ದಾರೆ. ಚೆನ್ನಾಗಿ ವಿನ್ಯಾಸ ಮಾಡಿದ ಪೆಟ್ಟಿಗೆಗಳಲ್ಲಿ, ವಾಲ್ಯೂಮ್ ಸರಿಸಮ ಮಾಡಿ, ಯಾವುದು ಅಂತ ಹೇಳದೆ ಕೇಳಿಸಿದರೆ ಆ ವಾದ ಮುಂದುವರಿಯುವುದು ಕಷ್ಟ. 768 ಕಿಲೋಹರ್ಟ್ಸ್, ಡಿಎಸ್‌ಡಿ 512 ಅಂತ ಹಾಡಿನ ಫೈಲಿನ ಗುಣಮಟ್ಟದ ದೊಡ್ಡ ಅಂಕಿ ಬರೆದಿರುವುದನ್ನೂ ಪಕ್ಕಕ್ಕಿಡಿ. ದೊಡ್ಡ ಸ್ಟ್ರೀಮಿಂಗ್ ಸೇವೆಗಳು ಕೊಡುವುದೇ ಹೆಚ್ಚೆಂದರೆ 24 ಬಿಟ್, 192 ಕಿಲೋಹರ್ಟ್ಸ್. ಸ್ಪಾಟಿಫೈ 2025ರಲ್ಲಿ ಶುರು ಮಾಡಿದ ಲಾಸ್‌ಲೆಸ್ 24 ಬಿಟ್, 44.1ಕ್ಕೇ ನಿಲ್ಲುತ್ತದೆ. ಎಂಕ್ಯೂಎ (ಹಾಡನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಅನ್ನುವ ಮುದ್ರೆ ಕಂಡರೆ ಅದಕ್ಕೂ ಬೆಲೆ ಕಟ್ಟಬೇಡಿ. ಟೈಡಲ್ 2024ರ ಜುಲೈನಲ್ಲೇ ಅದನ್ನು ಕೈಬಿಟ್ಟಿತು.

ಈಗ ಅಸಲಿ ವಿಷಯಕ್ಕೆ ಬರೋಣ. ಆಲ್-ಇನ್-ಒನ್ ಪೆಟ್ಟಿಗೆಯೊಳಗಿನ ಭಾಗಗಳಿಗೆ ಒಂದೇ ಆಯಸ್ಸು ಇರುವುದಿಲ್ಲ. ಆಂಪ್ ಇಪ್ಪತ್ತು ವರ್ಷ ಆರಾಮಾಗಿ ಬಾಳುತ್ತದೆ. ಡ್ಯಾಕ್ ಕೂಡ ಹಾಗೇ. ಮೊದಲು ಮುದಿಯಾಗುವುದು ಸ್ಟ್ರೀಮಿಂಗ್ ಭಾಗ. ಅದು ಕೆಟ್ಟುಹೋಗುವುದಿಲ್ಲ, ಅದನ್ನು ನಡೆಸುವ ಸಾಫ್ಟ್‌ವೇರ್, ಸರ್ವರ್ ನಿಂತುಹೋಗುತ್ತವೆ. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಸ್ಟ್ರೀಮರ್‌ಗಳನ್ನು 2012ರಲ್ಲಿ ನಿಲ್ಲಿಸಿತು, ಅವುಗಳ ಆನ್‌ಲೈನ್ ಸರ್ವರನ್ನು 2024ರಲ್ಲಿ ಮುಚ್ಚಿತು. ಇವತ್ತಿಗೂ ಅವು ಹಾಡುತ್ತಿದ್ದರೆ ಅದಕ್ಕೆ ಕಾರಣ ಬಳಕೆದಾರರೇ ನಡೆಸುತ್ತಿರುವ ಲಿರಿಯನ್ ಅನ್ನುವ ಉಚಿತ ಸಾಫ್ಟ್‌ವೇರ್. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಮಾರಾಟ 2019ರಲ್ಲೇ ನಿಂತಿತ್ತು. 2025ರ ಮಾರ್ಚಿನಲ್ಲಿ ಅದರೊಳಗಿನ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದು, ಚೆನ್ನಾಗಿದ್ದ ಪೆಟ್ಟಿಗೆಗಳು ಏಕಾಏಕಿ ಸುಮ್ಮನಾದವು. ಗೂಗಲ್ ಅಪ್‌ಡೇಟ್ ಕೊಟ್ಟು ಸರಿಮಾಡಿತು, ನಿಜ. ಎಲ್ಲ ಕಂಪನಿಗಳೂ ಅಷ್ಟು ಮಾಡುತ್ತವೆ ಅಂತ ಏನು ಗ್ಯಾರಂಟಿ?

ಅದಕ್ಕೇ ನನ್ನ ಮೊದಲ ಷರತ್ತು ಇದು: ಸ್ಟ್ರೀಮಿಂಗ್ ಸತ್ತ ಮೇಲೂ ಪೆಟ್ಟಿಗೆ ಬದುಕಬೇಕು. ಅಂದರೆ ಅದಕ್ಕೆ ಲ್ಯಾಪ್‌ಟಾಪಿನಿಂದ ಯುಎಸ್‌ಬಿಯಲ್ಲಿ ಧ್ವನಿ ತಗೊಳ್ಳುವ ಇನ್‌ಪುಟ್ ಇರಬೇಕು. ಆಪ್ಟಿಕಲ್ (ಬೆಳಕಿನ ತಂತಿಯಲ್ಲಿ ಧ್ವನಿ ತಗೊಳ್ಳುವ) ಇನ್‌ಪುಟ್ ಕೂಡ ಇದ್ದರೆ ಇನ್ನೂ ಒಳ್ಳೆಯದು. ಆಗ ಹತ್ತು ವರ್ಷದ ಮೇಲೂ ಅದು ಡ್ಯಾಕ್-ಆಂಪ್ ಆಗಿ ಉಳಿಯುತ್ತದೆ, ಪಕ್ಕದಲ್ಲಿ ಹೊಸದೊಂದು ಚಿಕ್ಕ ಸ್ಟ್ರೀಮರ್ ಇಟ್ಟರಾಯಿತು.

ಇಲ್ಲೇ ತುಂಬಾ ಜನ ಮೋಸ ಹೋಗುವುದು. ಹಿಂದುಗಡೆ ಯುಎಸ್‌ಬಿ ಕಿಂಡಿ ಕಂಡ ಕೂಡಲೇ ಲ್ಯಾಪ್‌ಟಾಪ್ ಸಿಕ್ಕಿಸಬಹುದು ಅಂದುಕೊಳ್ಳುತ್ತಾರೆ. ಪೆನ್‌ಡ್ರೈವ್ ಸಿಕ್ಕಿಸುವ ಚಪ್ಪಟೆ ಕಿಂಡಿ ಮಾತ್ರ ಇದ್ದರೆ ಅದು ಹೆಚ್ಚಾಗಿ ಡ್ರೈವ್‌ನಲ್ಲಿರುವ ಹಾಡು ಓದಲು ಅಥವಾ ಬೇರೆ ಡ್ಯಾಕ್‌ಗೆ ಧ್ವನಿ ಹೊರಗೆ ಕಳಿಸಲು. ಲ್ಯಾಪ್‌ಟಾಪಿನಿಂದ ಒಳಗೆ ತಗೊಳ್ಳಲು ಅಲ್ಲ. ವಿಮ್ ಅಲ್ಟ್ರಾ ಅನ್ನುವ ಸ್ಟ್ರೀಮರ್‌ನ ಯುಎಸ್‌ಬಿ ಇಂಥದ್ದು. ನೇಮ್ ಕಂಪನಿಯ ಯೂನಿಟಿ ಆಟಮ್ ಹೆಡ್‌ಫೋನ್ ಎಡಿಷನ್ 2021ರಲ್ಲಿ ಹೆಡ್‌ಫೋನಿಗೆ ಅಂತಲೇ ಬಂದ ದುಬಾರಿ ಪೆಟ್ಟಿಗೆ. ಮೂರು ಥರದ ಹೆಡ್‌ಫೋನ್ ಜಾಕ್ ಇವೆ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಇನ್‌ಪುಟ್ ಮಾತ್ರ ಇಲ್ಲ. ಸೋಫಾ ಪಕ್ಕಕ್ಕೆ ಅದು ಸೊಗಸು, ನಿಮ್ಮ ಮೇಜಿಗೆ ಹೊಂದುವುದಿಲ್ಲ. ಫಿಯೋ ಆರ್7 ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್ ಧ್ವನಿ ತಗೊಳ್ಳುತ್ತದೆ. ಎವರ್‌ಸೋಲೊ ಡಿಎಂಪಿ-ಎ6 ಸ್ಟ್ರೀಮರ್ ನೋಡಲು ಚೆಂದ, ಪರದೆ ದೊಡ್ಡದು, ಆದರೆ ಅದರಲ್ಲಿ ಹೆಡ್‌ಫೋನ್ ಜಾಕೇ ಇಲ್ಲ! ಹೀಗಾಗಿ ಮುಂಭಾಗದ ಫೋಟೋ ನೋಡಿ ಮರುಳಾಗಬೇಡಿ. ಹಿಂಭಾಗದ ಫೋಟೋ ತೆಗೆದು ಒಂದೊಂದು ಕಿಂಡಿಯ ಕೆಳಗೆ ಏನು ಬರೆದಿದೆ ಅಂತ ಓದಿ.

ಯುಎಸ್‌ಬಿ ಇಲ್ಲದಿದ್ದರೆ ವೈಫೈನಲ್ಲೇ ಲ್ಯಾಪ್‌ಟಾಪ್ ಧ್ವನಿ ಕಳಿಸಬಹುದಲ್ಲ ಅನ್ನಬಹುದು. ಹಾಡಿಗೆ ಸರಿ. ವಿಡಿಯೋಗೆ ಪರದಾಟ. ಆ್ಯಪಲ್‌ನ ಏರ್‌ಪ್ಲೇಯಂಥ ವ್ಯವಸ್ಥೆ ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಬಿಡುತ್ತದೆ. ಕೆಲವು ಆ್ಯಪ್‌ಗಳು ಚಿತ್ರವನ್ನೂ ತಡಮಾಡಿ ಹೊಂದಿಸುತ್ತವೆ. ಗೇಮ್, ಮೀಟಿಂಗ್, ಎಡಿಟಿಂಗ್‌ನಲ್ಲಿ ಹಾಗೆ ಹೊಂದಿಸಲು ಆಗುವುದಿಲ್ಲ. ಎದುರಿನವರ ತುಟಿ ಅಲ್ಲಾಡಿ ಮುಗಿದ ಮೇಲೆ ಮಾತು ಕೇಳಿಸುತ್ತದೆ.

ಸ್ಟ್ರೀಮಿಂಗ್ ಭಾಗವನ್ನು ಅಳೆಯುವುದು ಹೇಗೆ? ನೀವು ಯಾವ ಸೇವೆಗೆ ದುಡ್ಡು ಕಟ್ಟುತ್ತೀರೋ ಅದರಿಂದ ಶುರು ಮಾಡಿ. ಸ್ಪಾಟಿಫೈ ಕನೆಕ್ಟ್, ಟೈಡಲ್ ಕನೆಕ್ಟ್, 2025ರಲ್ಲಿ ಬಂದ ಕೋಬಜ್ ಕನೆಕ್ಟ್ ಇವೆಲ್ಲ ಒಂದೇ ರೀತಿ. ಫೋನಿನ ಮಾಮೂಲಿ ಆ್ಯಪ್‌ನಲ್ಲೇ ಹಾಡು ಆರಿಸುತ್ತೀರಿ, ಪೆಟ್ಟಿಗೆ ತಾನೇ ನೇರವಾಗಿ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ಫೋನ್ ಬರೀ ರಿಮೋಟ್. ಕರೆ ಬಂದರೂ ಹಾಡು ನಿಲ್ಲುವುದಿಲ್ಲ. ನಿಮ್ಮ ಸೇವೆಯ ಕನೆಕ್ಟ್ ಇದ್ದರೆ ಪೆಟ್ಟಿಗೆ ಕಂಪನಿಯ ಆ್ಯಪ್ ಎಷ್ಟು ಕೆಟ್ಟದಾಗಿದ್ದರೂ ದಿನಾ ಅದನ್ನು ಮುಟ್ಟುವ ಕೆಲಸವಿಲ್ಲ. ಆ್ಯಪಲ್ ಮ್ಯೂಸಿಕ್‌ಗೆ ಇಂಥ ಕನೆಕ್ಟ್ ಇಲ್ಲ. ಅದರ ಗಿರಾಕಿಗಳಿಗೆ ಏರ್‌ಪ್ಲೇ ಬೇಕು, ಇಲ್ಲವೇ ಆಂಡ್ರಾಯ್ಡ್ ಮೇಲೆ ನಡೆಯುವ ಪೆಟ್ಟಿಗೆ ಬೇಕು. ವಿಮ್ ಅಲ್ಟ್ರಾ 2024ರಲ್ಲಿ ಬಂದಾಗ ಅದರಲ್ಲಿ ಏರ್‌ಪ್ಲೇ ಇರಲಿಲ್ಲ. ಅದೇ ಕಂಪನಿಯ ಅದಕ್ಕಿಂತ ಚಿಕ್ಕ ಪ್ರೊ ಪ್ಲಸ್‌ನಲ್ಲಿ ಇತ್ತು. ದೊಡ್ಡ ಮಾಡೆಲ್‌ನಲ್ಲಿ ಚಿಕ್ಕದರ ಎಲ್ಲವೂ ಇರುತ್ತದೆ ಅನ್ನುವ ನಂಬಿಕೆ ಇಲ್ಲಿ ನಡೆಯದು.

ಆಂಡ್ರಾಯ್ಡ್ ಪೆಟ್ಟಿಗೆಗಳ ವಿಷಯದಲ್ಲಿ ನನಗೆ ಎರಡು ಮನಸ್ಸು. ಯಾವ ಆ್ಯಪ್ ಬೇಕಾದರೂ ಹಾಕಿಕೊಳ್ಳಬಹುದು, ಮೇಜಿನ ಮೇಲೆ ಕೈಗೆಟಕುವ ಪರದೆ ಇರುತ್ತದೆ, ಫೋನ್ ಹುಡುಕುವ ಕೆಲಸವಿಲ್ಲ. ಆದರೆ ಅವು ಹಳೆಯ ಆಂಡ್ರಾಯ್ಡ್ ಮೇಲೆ ನಿಂತಿರುತ್ತವೆ. ಆರ್7ನಲ್ಲಿರುವುದು ಆಂಡ್ರಾಯ್ಡ್ 10, ಅದು 2019ರದ್ದು. ಒಂದು ದಿನ ನಿಮ್ಮ ಆ್ಯಪ್ ‘ಈ ಆವೃತ್ತಿಗೆ ಇನ್ನು ಬೆಂಬಲವಿಲ್ಲ’ ಅನ್ನುತ್ತದೆ. ಯುಎಸ್‌ಬಿ ಇನ್‌ಪುಟ್ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಇನ್ನೊಂದು ವಿಷಯ, ಸಾದಾ ಆಂಡ್ರಾಯ್ಡ್ ಎಲ್ಲ ಧ್ವನಿಯನ್ನೂ ಒಂದೇ ಸ್ಯಾಂಪಲ್ ರೇಟ್‌ಗೆ (ಮೇಲೆ ಹೇಳಿದ ಕಿಲೋಹರ್ಟ್ಸ್ ಅಂಕಿ) ಬದಲಾಯಿಸಿಬಿಡುತ್ತದೆ. ಒಳ್ಳೆಯ ಕಂಪನಿಗಳು ಅದನ್ನು ತಪ್ಪಿಸುವ ದಾರಿ ಮಾಡಿರುತ್ತವೆ. ಹಾಗೆ ಮಾಡಿದ್ದೇವೆ ಅಂತ ಬರೆದಿದ್ದಾರಾ ನೋಡಿ.

ಧ್ವನಿಯಲ್ಲಿ ನಿಜವಾದ ಬದಲಾವಣೆ ಬೇಕು ಅಂದರೆ ನಾನು ಚಿಪ್ ಬಿಟ್ಟು ಪ್ಯಾರಾಮೆಟ್ರಿಕ್ ಈಕ್ವಲೈಜರ್ (ಬೇಕಾದ ಸ್ವರಗಳನ್ನಷ್ಟೇ ಏರಿಳಿಸುವ ಸೌಲಭ್ಯ) ಇದೆಯಾ ಅಂತ ಕೇಳುತ್ತೇನೆ. 650ರ ಮಧ್ಯದ ಸ್ವರಗಳು ಅದ್ಭುತ. ತೀರಾ ಕೆಳಗಿನ ಬೇಸ್ ಮಾತ್ರ ಜಾರಿಹೋಗುತ್ತದೆ. 100 ಹರ್ಟ್ಸ್ ಕೆಳಗೆ ಒಂದು ಲೋ ಶೆಲ್ಫ್ (ಆ ಮಟ್ಟದ ಕೆಳಗಿನದೆಲ್ಲವನ್ನೂ ಒಟ್ಟಿಗೆ ಏರಿಸುವ ಫಿಲ್ಟರ್) ಹಾಕಿ 4 ಡೆಸಿಬೆಲ್ ಏರಿಸಿ ನೋಡಿ. ಜೊತೆಗೆ ಒಟ್ಟು ಮಟ್ಟವನ್ನು 4 ಡೆಸಿಬೆಲ್ ಇಳಿಸಿ, ಇಲ್ಲದಿದ್ದರೆ ಜೋರು ಜಾಗದಲ್ಲಿ ಧ್ವನಿ ಒಡೆಯುತ್ತದೆ. ಎರಡು ನಿಮಿಷದ ಈ ಕೆಲಸದಷ್ಟು ವ್ಯತ್ಯಾಸವನ್ನು ಯಾವ ಡ್ಯಾಕ್ ಚಿಪ್ಪೂ ಮಾಡದು. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಈಕ್ವಲೈಜರ್ ಎಲ್ಲ ಇನ್‌ಪುಟ್‌ಗೂ ಕೆಲಸ ಮಾಡುತ್ತದಾ, ಇಲ್ಲ ಸ್ಟ್ರೀಮಿಂಗ್‌ಗೆ ಮಾತ್ರವಾ? ಹೆಡ್‌ಫೋನಿಗೊಂದು, ಸ್ಪೀಕರಿಗೊಂದು ಬೇರೆ ಬೇರೆ ಸೆಟ್ಟಿಂಗ್ ಇಡಲು ಬಂದರೆ ಅದು ನಿಜಕ್ಕೂ ಯೋಚನೆ ಮಾಡಿ ಮಾಡಿದ ಪೆಟ್ಟಿಗೆ.

ಸ್ಪೀಕರ್ ವಿಷಯ ಬಂತು. ಪ್ರೀ-ಔಟ್ ಬೇಕು, ಅಂದರೆ ಪೆಟ್ಟಿಗೆಯ ನಾಬ್‌ನಿಂದಲೇ ಸ್ಪೀಕರ್ ವಾಲ್ಯೂಮ್ ಏರಿಳಿಯಬೇಕು. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ತಾನಾಗಿ ಸುಮ್ಮನಾಗಬೇಕು, ಅಥವಾ ಒಂದು ಬಟನ್‌ನಲ್ಲಿ ಬದಲಾಗಬೇಕು. ಎರಡಕ್ಕೂ ವಾಲ್ಯೂಮ್ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದಾ ಅನ್ನೋದು ಎಲ್ಲಕ್ಕಿಂತ ಮುಖ್ಯ. 650ಕ್ಕೆ ಅಂತ ನಾಬ್ ಮುಕ್ಕಾಲಿಗೆ ಏರಿಸಿಟ್ಟು, ರಾತ್ರಿ ಹನ್ನೊಂದಕ್ಕೆ ಪಿನ್ ಎಳೆದಾಗ ಸ್ಪೀಕರ್ ಅದೇ ಮಟ್ಟದಲ್ಲಿ ಕೂಗಿಕೊಂಡರೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಮತ್ತೆ, ದಯವಿಟ್ಟು ಕೈಗೆ ಸಿಗುವ ನಾಬ್ ಇರುವುದನ್ನೇ ತಗೊಳ್ಳಿ. ವಾಲ್ಯೂಮ್‌ಗೆ ಪರದೆ ಮೇಲೆ ಬೆರಳು ಜಾರಿಸುವುದು ಮೇಜಿನ ಮೇಲೆ ಕಿರಿಕಿರಿ.

ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್, ಪ್ರೀ-ಔಟ್‌ನಲ್ಲಿ ಪವರ್ಡ್ ಸ್ಪೀಕರ್ ಎರಡೂ ಸೇರಿದಾಗ ಕೆಲವೊಮ್ಮೆ ಸ್ಪೀಕರಿನಲ್ಲಿ ಗುಂಯ್ ಸದ್ದು ಶುರುವಾಗುತ್ತದೆ. ಮೌಸ್ ಅಲ್ಲಾಡಿಸಿದರೆ ಅದಕ್ಕೆ ತಕ್ಕ ಹಾಗೆ ಕಿರ್ ಅನ್ನುವುದೂ ಉಂಟು. ಇದು ಗ್ರೌಂಡ್ ಲೂಪ್, ಅಂದರೆ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್‌ಗೆ ಸೇರಿದ ಸಾಧನಗಳ ನಡುವೆ ಹರಿಯುವ ಬೇಡದ ಕರೆಂಟ್. ಪೆಟ್ಟಿಗೆ ಕೆಟ್ಟಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಸದ್ದು ನಿಂತರೆ ಖಚಿತವಾಯಿತು ಅನ್ನಿ. ಲ್ಯಾಪ್‌ಟಾಪಿನಿಂದ ಆಪ್ಟಿಕಲ್ ಮೂಲಕ ಕೊಟ್ಟರೆ, ಅಥವಾ ಆ ಹೊತ್ತಿಗೆ ಯುಎಸ್‌ಬಿ ತೆಗೆದು ನೆಟ್‌ವರ್ಕ್‌ನಿಂದಲೇ ಹಾಡು ಹಾಕಿದರೆ ಲೂಪ್ ಮುರಿಯುತ್ತದೆ. ಸ್ಟ್ರೀಮರ್‌ನ ಪರವಾಗಿ ಒಪ್ಪಬೇಕಾದ ಮಾತಿದು.

ಬೇರೆ ಬೇರೆ ಪೆಟ್ಟಿಗೆ ಚೆನ್ನಾಗಿ ಕೇಳಿಸುತ್ತದಾ ಅಂದಿರಿ. ಧ್ವನಿಗಾಗಿ ಅಂತ ಬೇರೆ ಮಾಡಬೇಕಿಲ್ಲ. ಒಂದೇ ಡಬ್ಬದಲ್ಲಿದ್ದ ಮಾತ್ರಕ್ಕೆ ಡ್ಯಾಕ್ ಆಗಲಿ ಆಂಪ್ ಆಗಲಿ ಸೊರಗುವುದಿಲ್ಲ. ಆದರೆ ನಾನಾದರೆ ನಿಮ್ಮ ಮೇಜಿಗೆ ಯುಎಸ್‌ಬಿ, ಆಪ್ಟಿಕಲ್ ಎರಡೂ ಇನ್‌ಪುಟ್ ಇರುವ, ನಾಯ್ಸ್ ಕಡಿಮೆ ಇರುವ ಡ್ಯಾಕ್-ಆಂಪ್ ಒಂದನ್ನು ಮೊದಲು ಇಡುತ್ತೇನೆ. ಫಿಯೋ ಕೆ7 ಈ ಜಾತಿಯದು. ಲ್ಯಾಪ್‌ಟಾಪ್ ಮುಚ್ಚಿ ಕೇಳುವ ಚಟ ಹತ್ತಿದರೆ ಆಪ್ಟಿಕಲ್ ಔಟ್‌ಪುಟ್ ಇರುವ ಅಂಗೈಯಗಲದ ಸ್ಟ್ರೀಮರ್ ಒಂದನ್ನು ಆಮೇಲೆ ಸೇರಿಸಬಹುದು. ಅದು ಹಳತಾದ ದಿನ ಅದನ್ನಷ್ಟೇ ಬದಲಾಯಿಸಿದರೆ ಸಾಕು. ತಂತಿಗಳ ಗೋಜಲು ಬೇಡವೇ ಬೇಡ, ಪರದೆ ಬೇಕು ಅನ್ನುವವರಾದರೆ ಆರ್7ನಂಥ, ಯುಎಸ್‌ಬಿ ಇನ್‌ಪುಟ್ ಇರುವ ಆಲ್-ಇನ್-ಒನ್ ತಗೊಳ್ಳಿ. ತಂದ ದಿನವೇ ಇಯರ್‌ಫೋನ್ ಸಿಕ್ಕಿಸಿ, ಹಾಡು ಹಾಕದೆ, ಫ್ಯಾನ್ ಆರಿಸಿ ಕಿವಿಗೊಡಿ. ಸುಯ್ ಅನ್ನುವುದು ಸ್ಪಷ್ಟವಾಗಿ ಕೇಳಿಸಿದರೆ, ಕೆಳಗಿನ ಗೇನ್‌ನಲ್ಲೂ ಹೋಗದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಟ್ಟುಬಿಡಿ. ಅದು ದಿನ ಕಳೆದಂತೆ ಸರಿಹೋಗುವ ಸಮಸ್ಯೆ ಅಲ್ಲ.

ಕೊನೆಗೆ ಪವರ್ ಸಪ್ಲೈ, ಲ್ಯಾನ್ ಕೇಬಲ್. ಎರಡೂ ಬೇಡ. ಪೆಟ್ಟಿಗೆ ಜೊತೆ ಬಂದ ಅಡಾಪ್ಟರ್‌ನಲ್ಲಿ ಗುಂಯ್ ಇಲ್ಲದಿದ್ದರೆ ಬೇರೆಯದು ಸೇರಿಸಿ ಕೇಳಿಸಿಕೊಳ್ಳಲು ಏನೂ ಉಳಿದಿಲ್ಲ. ಲ್ಯಾನ್‌ನಲ್ಲಿ ಬರುವುದು ಡೇಟಾ. ಪೆಟ್ಟಿಗೆ ಅದನ್ನು ಮೊದಲು ಕೂಡಿಟ್ಟುಕೊಂಡು, ತಪ್ಪಿದ್ದರೆ ಮತ್ತೆ ತರಿಸಿಕೊಂಡು, ಆಮೇಲೆ ನುಡಿಸುತ್ತದೆ. ಸಿ.ಡಿ. ಗುಣಮಟ್ಟಕ್ಕೆ ಬೇಕಾಗುವುದು ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ಮಾಮೂಲಿ ವೈಫೈಗೂ ಅದು ಲೆಕ್ಕಕ್ಕಿಲ್ಲ. ಹಾಡು ತಡವರಿಸಿದರೆ 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಹೋಗಿ, ಅಥವಾ ಮನೆಯಲ್ಲಿ ಬಿದ್ದಿರುವ ಯಾವುದಾದರೂ ಲ್ಯಾನ್ ತಂತಿ ಹಾಕಿ. ಉಳಿದ ದುಡ್ಡು ಎಲ್ಲಿಗೆ ಅಂದರೆ, ನಿಮ್ಮ 650ರ ಇಯರ್‌ಪ್ಯಾಡ್ ಒತ್ತಿ ನೋಡಿ. ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಡ್ರೈವರ್ ಕಿವಿಗೆ ತೀರಾ ಹತ್ತಿರ ಬಂದು ಧ್ವನಿ ಆಗಲೇ ಬದಲಾಗಿರುತ್ತದೆ. ಆಂಪ್‌ಗೆ ಆರ್ಡರ್ ಮಾಡುವ ಮೊದಲು ಅದನ್ನು ಬದಲಾಯಿಸಿ.